ಫ್ಯೋರ್ಡ್ ನೋಡುವ ಹಾವೇರಿ ಹುಡುಗರಿಗೆ ನಡೆಯುವ ದಾರಿ ಎಲ್ಲಿದೆ?

ಹೋದ ತಿಂಗಳು ರಾಣೆಬೆನ್ನೂರಿನ ಕಾಲೇಜು ಹುಡುಗನೊಬ್ಬ ನನಗೊಂದು ರೀಲ್ ಕಳಿಸಿದ. ನಾರ್ವೆಯ ಪ್ರೀಕೆಸ್ಟೋಲನ್ ಅನ್ನೋ ಬಂಡೆ. ಮೇಜಿನ ಹಾಗೆ ಚಪ್ಪಟೆ. ಅದರ ಅಂಚಿನಿಂದ 604 ಮೀಟರ್ ಕೆಳಗೆ ಲೀಸೆಫ್ಯೋರ್ಡ್‌ನ ನೀರು. ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತ ಜನ. ರೀಲಿನ ಕೆಳಗೆ ಅವನ ಒಂದು ಸಾಲು: “ಸರ್, ನಮ್ ಕಡೆ ಇಂಥಾದ್ದು ಒಂದೂ ಇಲ್ರಿ. ನಡೀಬೇಕಂದ್ರ ಚಿಕ್ಕಮಗಳೂರಿಗೇ ಹೋಗ್ಬೇಕು.”

ನಾನು ತಕ್ಷಣ ಒಂದು ಸ್ಮೈಲಿ ಹಾಕಿ ಸುಮ್ಮನಾದೆ. ಆದರೆ ಆ ಸಾಲು ತಲೆಯಲ್ಲಿ ಉಳಿಯಿತು. ಅದರ ಮೊದಲರ್ಧ ನಿಜ. ಹಿಮನದಿ ಕೊರೆದ ಆಳದ ಕಣಿವೆಗೆ ಸಮುದ್ರ ನುಗ್ಗಿದರೆ ಫ್ಯೋರ್ಡ್ ಆಗುತ್ತದೆ; ಕರ್ನಾಟಕದಲ್ಲಿ ಹಿಮನದಿಯೂ ಇರಲಿಲ್ಲ, ಹಾವೇರಿಗೆ ಸಮುದ್ರವೂ ಇಲ್ಲ. ಎರಡನೇ ಅರ್ಧ ಮಾತ್ರ ಸುಳ್ಳು. ನಡೆಯಬೇಕೆಂದರೆ ಚಿಕ್ಕಮಗಳೂರಿಗೇ ಹೋಗಬೇಕು ಎಂದು ಆ ಹುಡುಗನಿಗೆ ಅನ್ನಿಸಿರುವುದರ ಹಿಂದೆ ಭೂಗೋಳ ಇಲ್ಲ, ರಾಜಕೀಯ ಇದೆ. ಈ ಲೇಖನ ಅದರ ಬಗ್ಗೆ.

ಅಲ್ಲಿ ದಾರಿ ಆರಿಸುವುದು ಹೇಗೆ?

ನಾರ್ವೆಯ ರೀಲ್‌ಗಳಲ್ಲಿ ಬಂಡೆ ಕಾಣುತ್ತದೆ, ಬಂಡೆಯವರೆಗಿನ ವ್ಯವಸ್ಥೆ ಕಾಣುವುದಿಲ್ಲ. ಫ್ಯೋರ್ಡ್ ಸುತ್ತ ನಡೆಯಲು ಹೋಗುವವನು ದಾರಿ ಆರಿಸುವಾಗ ನಾಲ್ಕು ಪ್ರಶ್ನೆ ಕೇಳಿಕೊಳ್ಳುತ್ತಾನೆ: ಎಷ್ಟು ದೂರ, ಎಷ್ಟು ಏರು, ಎಷ್ಟು ಹೊತ್ತು, ನನ್ನ ಕೈಲಾಗುತ್ತಾ? ಈ ನಾಲ್ಕಕ್ಕೂ ದಾರಿ ಶುರುವಾಗುವ ಕಡೆಯ ಫಲಕದಲ್ಲೇ ಉತ್ತರ ಇರುತ್ತದೆ. ಹಸಿರು ಅಂದರೆ ಯಾರು ಬೇಕಾದರೂ ನಡೆಯಬಹುದು. ನೀಲಿ ಅಂದರೆ ಸ್ವಲ್ಪ ರೂಢಿ ಬೇಕು. ಕೆಂಪು ಅಂದರೆ ಅನುಭವ ಬೇಕು. ಕಪ್ಪು ಅಂದರೆ ಗಟ್ಟಿಗರಿಗೆ ಮಾತ್ರ. ಟ್ರೋಲ್‌ಟುಂಗಾ ಎಂಬ ಇನ್ನೊಂದು ಪ್ರಸಿದ್ಧ ಬಂಡೆಗೆ ಷೆಗ್ಗೆಡಾಲ್‌ನಿಂದ ಹೋಗಿ ಬರಲು ಸುಮಾರು 27 ಕಿಲೋಮೀಟರ್, 10ರಿಂದ 12 ಗಂಟೆ. ಇದನ್ನು ಮೊದಲೇ ಓದಿದವನು ಮಧ್ಯಾಹ್ನ ಎರಡಕ್ಕೆ ಚಪ್ಪಲಿ ಹಾಕಿಕೊಂಡು ಹೊರಡುವುದಿಲ್ಲ.

ದಾರಿಯುದ್ದಕ್ಕೂ ಕಲ್ಲುಗಳ ಮೇಲೆ ಕೆಂಪು ಬಣ್ಣದಲ್ಲಿ ‘ಟಿ’ ಗುರುತು. ಇದನ್ನು ಬಳಿಯುವುದು ಬಹುಪಾಲು ಸ್ವಯಂಸೇವಕರು. ಅವರ ಸಂಘಟನೆ ನಾರ್ವೇಜಿಯನ್ ಟ್ರೆಕ್ಕಿಂಗ್ ಅಸೋಸಿಯೇಷನ್ ಹುಟ್ಟಿದ್ದು 1868ರಲ್ಲಿ. ಕಡಿದಾದ ಕಡೆಗಳಲ್ಲಿ ಕಲ್ಲಿನ ಮೆಟ್ಟಿಲು. ಇವುಗಳಲ್ಲಿ ಎಷ್ಟೋ ಮೆಟ್ಟಿಲುಗಳನ್ನು ಕಟ್ಟಿದವರು ನೇಪಾಳದಿಂದ ಹೋದ ಶೆರ್ಪಾಗಳು. ‘ಸುಂದರ ನಿಸರ್ಗ’ ಎಂದು ನಾವು ನೋಡುವ ಫೋಟೋದಲ್ಲಿ ಏಷ್ಯಾದ ಕೂಲಿಯ ಬೆವರೂ ಇದೆ.

ಇದೆಲ್ಲಕ್ಕಿಂತ ದೊಡ್ಡ ವಿಷಯ ಕಾನೂನು. ನಾರ್ವೆಯಲ್ಲಿ ‘ಎಲ್ಲರ ಹಕ್ಕು’ ಅನ್ನುವ ಹಳೇ ರೂಢಿ ಇತ್ತು. 1957ರಲ್ಲಿ ಅದು ಕಾನೂನಾಯಿತು. ಉಳುಮೆ ಮಾಡದ ಬಯಲು, ಗುಡ್ಡ, ಕಾಡಿನಲ್ಲಿ ಯಾರು ಬೇಕಾದರೂ ನಡೆಯಬಹುದು. ಆ ಜಮೀನು ಸರ್ಕಾರದ್ದೋ ಖಾಸಗಿಯವರದ್ದೋ ಅನ್ನುವುದು ಮುಖ್ಯ ಅಲ್ಲ. ವಾಸದ ಮನೆಯಿಂದ 150 ಮೀಟರ್ ದೂರ ಬಿಟ್ಟು ಒಂದೆರಡು ರಾತ್ರಿ ಡೇರೆಯನ್ನೂ ಹಾಕಬಹುದು. ಉಳುಮೆ ಮಾಡಿದ ಹೊಲದಲ್ಲಿ ಬೆಳೆ ಇರುವಾಗ ಕಾಲಿಡುವಂತಿಲ್ಲ. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿದಾಗ ಅಥವಾ ಹಿಮ ಮುಚ್ಚಿದಾಗ ದಾಟಬಹುದು. ಹಕ್ಕಿನ ಜೊತೆಗೇ ಹೊಣೆಯೂ ಇದೆ: ಕಸ ಬಿಡಬೇಡ, ಬೆಂಕಿ ಹಾಕುವಾಗ ನೋಡಿಕೊ, ಸಾಕುಪ್ರಾಣಿಗಳನ್ನು ಹೆದರಿಸಬೇಡ.

ಅಂದರೆ ಅಲ್ಲಿ ಮೊದಲು ಹಕ್ಕು ಬಂತು, ಆಮೇಲೆ ಗುರುತು ಮತ್ತು ಮಾಹಿತಿ ಬಂತು. ಟಿಕೆಟ್, ಪಾರ್ಕಿಂಗ್ ಶುಲ್ಕ ಬಂದದ್ದು ಎಲ್ಲಕ್ಕಿಂತ ಕೊನೆಗೆ. ನಮ್ಮಲ್ಲಿ ಈ ಕ್ರಮ ಪೂರ್ತಿ ಉಲ್ಟಾ.

ನಮ್ಮದು ಟಿಕೆಟ್‌ನಿಂದ ಶುರು, ನಿಷೇಧಕ್ಕೆ ಮುಕ್ತಾಯ

2024ರ ಜನವರಿಯ ಗಣರಾಜ್ಯೋತ್ಸವದ ರಜೆ ನೆನಪಿದೆಯಾ? ಕುಮಾರ ಪರ್ವತದ ದಾರಿಯಲ್ಲಿ ಜಾತ್ರೆಯಂಥ ಸಾಲು. 1,712 ಮೀಟರ್ ಎತ್ತರದ ಬೆಟ್ಟಕ್ಕೆ ಒಂದೇ ವಾರಾಂತ್ಯದಲ್ಲಿ ಸಾವಿರಾರು ಜನ. ವಿಡಿಯೋ ವೈರಲ್ ಆಯಿತು. ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣ ನಿಲ್ಲಿಸಿ ಎಂದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಜಾಲತಾಣ ಬಂತು. ಒಂದು ಜಾಗಕ್ಕೆ ದಿನಕ್ಕೆ ಗರಿಷ್ಠ 300 ಜನ ಎಂಬ ಮಿತಿ ಬಂತು.

ಇದರಲ್ಲಿ ತಪ್ಪೇನಿಲ್ಲ, ಸ್ಪಷ್ಟವಾಗಿ ಹೇಳ್ತೀನಿ. ವನ್ಯಜೀವಿ ಧಾಮದೊಳಗೆ ಮಿತಿ ಇರಲೇಬೇಕು. ನನ್ನ ತಕರಾರು ಬೇರೆ. ಆ ಪಟ್ಟಿ ತೆಗೆದು ನೋಡಿ. ಬಹುತೇಕ ಹೆಸರುಗಳು ಪಶ್ಚಿಮ ಘಟ್ಟದವು, ಇಲ್ಲವೇ ಬೆಂಗಳೂರಿನಿಂದ ಒಂದು ರಾತ್ರಿಯಲ್ಲಿ ಹೋಗಿ ಬರುವ ಬಂಡೆಬೆಟ್ಟಗಳವು. ಸರ್ಕಾರದ ಲೆಕ್ಕದಲ್ಲಿ ಚಾರಣ ಎಂದರೆ ಬೆಂಗಳೂರಿನ ವಾರಾಂತ್ಯ. ರಾಜ್ಯದ ಉಳಿದ ನೆಲದಲ್ಲಿ ನಡೆಯುವುದನ್ನು ಯಾರೂ ಯೋಚನೆಯನ್ನೇ ಮಾಡಿಲ್ಲ. ಎಲ್ಲರನ್ನೂ ಹತ್ತಿಪ್ಪತ್ತು ಬೆಟ್ಟಗಳಿಗೆ ನೂಕಿದರೆ ಅಲ್ಲಿ ನೂಕುನುಗ್ಗಲು ಆಗದೆ ಇನ್ನೇನಾಗುತ್ತದೆ? ಮೊದಲು ಆಯ್ಕೆ ಕಿತ್ತುಕೊಂಡು ಆಮೇಲೆ ‘ಜನ ಜಾಸ್ತಿ ಬರ್ತಾರೆ’ ಎಂದು ದೂರುವುದು ನ್ಯಾಯವಲ್ಲ.

ನಾರ್ವೆಗೂ ಇದೇ ಪೆಟ್ಟು ಬಿದ್ದಿದೆ. ಟ್ರೋಲ್‌ಟುಂಗಾಕ್ಕೆ 2010ರಲ್ಲಿ ನಡೆದು ಹೋದವರು ಸುಮಾರು 800 ಜನ. 2016ರ ಹೊತ್ತಿಗೆ ಅದು ಸುಮಾರು 80,000. ಕಾರಣ ನಮಗೂ ಗೊತ್ತಿರುವುದೇ, ಇನ್‌ಸ್ಟಾಗ್ರಾಂ. ಅಲ್ಲಿ ದಾರಿಗೆ ಕಲ್ಲು ಹಾಸಿದರು, ಬೆಟ್ಟದ ಕಾವಲುಗಾರರನ್ನು ನೇಮಿಸಿದರು, ಇಂತಿಷ್ಟು ಹೊತ್ತಿನ ನಂತರ ಹೊರಡಬೇಡಿ ಎಂದು ಸೂಚನೆ ಹಾಕಿದರು. ಕಾಡು ಹಿಮಸಾರಂಗ ಓಡಾಡುವ ಕೆಲವು ಕಡೆ ದಾರಿಯನ್ನೇ ಬದಲಿಸಿದರು. ಆದರೆ ದೇಶದ ತುಂಬ ಇರುವ ಬೇರೆ ಸಾವಿರಾರು ದಾರಿಗಳು ತೆರೆದೇ ಇದ್ದವು. ಒಂದು ಬಂಡೆ ಕಿಕ್ಕಿರಿದರೆ ಪಕ್ಕದ ಕಣಿವೆಗೆ ಹೋಗುವ ಆಯ್ಕೆ ಅಲ್ಲಿದೆ.

ಸರಿ, ಹಾವೇರಿಯಲ್ಲಿ ಏನಿದೆ?

ಹಾವೇರಿ ಸುದ್ದಿಯಾಗುವುದು ಯಾವಾಗ ಹೇಳಿ. 2008ರಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗುಂಡು ಹಾರಿದಾಗ. 2023ರ ಜನವರಿಯಲ್ಲಿ ಸಾಹಿತ್ಯ ಸಮ್ಮೇಳನ ಆದಾಗ. 2024ರ ಮಾರ್ಚ್‌ನಲ್ಲಿ ಬೆಲೆ ಕುಸಿದು ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಬೆಂಕಿ ಬಿದ್ದಾಗ. ಉಳಿದ ದಿನಗಳಲ್ಲಿ ಹೈವೇಯ ಮೇಲಿನ ಒಂದು ಬೋರ್ಡು ಅಷ್ಟೆ. ಬೆಂಗಳೂರು–ಹುಬ್ಬಳ್ಳಿ ಬಸ್ಸಿನಲ್ಲಿ ನಿದ್ದೆ ಮಾಡುತ್ತ ದಾಟುವ ಊರು.

ಆದರೆ ನಕ್ಷೆ ಬಿಚ್ಚಿ ನೋಡಿದರೆ ಬೇರೆಯದೇ ಚಿತ್ರ ಸಿಗುತ್ತದೆ. ಜಿಲ್ಲೆಯ ಪೂರ್ವದ ಅಂಚಿಗೆ ತುಂಗಭದ್ರೆ ಹರಿಯುತ್ತಾಳೆ. ಆ ದಂಡೆಯಲ್ಲಿ ರಾಣೆಬೆನ್ನೂರು ತಾಲೂಕಿನ ಐರಣಿಯ ಕೋಟೆ ಇದೆ, ಚೌಡಯ್ಯದಾನಪುರದ ಮುಕ್ತೇಶ್ವರ ದೇವಾಲಯ ಇದೆ. ದೋಣಿ ನಡೆಸುತ್ತಿದ್ದ ವಚನಕಾರ ಅಂಬಿಗರ ಚೌಡಯ್ಯನ ಹೆಸರು ಹೊತ್ತ ಊರು ಅದು, ನದಿಗೆ ಎದುರಾಗಿ ಅವನ ಸಮಾಧಿ ಇದೆ. ಹಾಗೇ ಮುಂದೆ ಹೋದರೆ ಗಳಗನಾಥ, ವರದೆ ಬಂದು ತುಂಗಭದ್ರೆಗೆ ಸೇರುವ ಜಾಗ. ಅಲ್ಲಿನ ಗಳಗೇಶ್ವರ ಗುಡಿಯ ಬುಡ ಪಿರಮಿಡ್ಡಿನ ಹಾಗೆ ಹರಡಿದೆ. ಒಂದು ನದಿ, ಒಂದು ದಂಡೆ, ಸಾವಿರ ವರ್ಷದ ಕಥೆ. ಇದೇ ನದಿ ಯುರೋಪಿನಲ್ಲಿದ್ದಿದ್ದರೆ ಇಷ್ಟೊತ್ತಿಗೆ ದಂಡೆಯ ದಾರಿಗೆ ಒಂದು ಹೆಸರು, ಒಂದು ನಕ್ಷೆ, ಮೂರು ಹೊತ್ತಿನ ಊಟಕ್ಕೆ ಮೂರು ಹಳ್ಳಿ ಇರುತ್ತಿತ್ತು. ನಮ್ಮಲ್ಲಿ ಆ ದಂಡೆಗೆ ಇಳಿಯುವ ದಾರಿ ಚೆನ್ನಾಗಿ ಗೊತ್ತಿರುವುದು ಮರಳಿನ ಟ್ರ್ಯಾಕ್ಟರ್‌ಗಳಿಗೆ.

ರಾಣೆಬೆನ್ನೂರಿನ ಪಕ್ಕದಲ್ಲೇ 119 ಚದರ ಕಿಲೋಮೀಟರ್‌ನ ಕೃಷ್ಣಮೃಗ ಅಭಯಾರಣ್ಯ. ದೇವರಗುಡ್ಡದಲ್ಲಿ ಮಾಲತೇಶನ ಗುಡಿ. ದಸರಾ ಹೊತ್ತಿಗೆ ಗೊರವಯ್ಯನ ಕಾರಣಿಕ ಕೇಳಲು ಸುತ್ತಲಿನ ಊರುಗಳ ಜನ ಬಂದು ಸೇರುತ್ತಾರೆ. ಬ್ಯಾಡಗಿ ತಾಲೂಕಿನಲ್ಲಿ ಕನಕದಾಸರ ಕಾಗಿನೆಲೆ, ಕದರಮಂಡಲಗಿಯ ಆಂಜನೇಯ. ಹಾವೇರಿ ಊರಿಗೆ ಅಂಟಿಕೊಂಡೇ ಹೆಗ್ಗೇರಿ ಕೆರೆ. ಇನ್ನು ‘ಫ್ಯೋರ್ಡ್ ಥರ’ದ್ದೇ ಬೇಕು ಅಂದರೆ ರಟ್ಟೀಹಳ್ಳಿ ಕಡೆ ಮದಗ–ಮಾಸೂರು ಕೆರೆಗೆ ಹೋಗಿ. ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ಕುಮುದ್ವತಿಗೆ ಅಡ್ಡಲಾಗಿ ವಿಜಯನಗರ ಕಾಲದಲ್ಲಿ ಕಟ್ಟಿದ ಏರಿ. ಎರಡೂ ಕಡೆ ಗುಡ್ಡ, ನಡುವೆ ನಿಂತ ನೀರು. ನಮ್ಮ ಫ್ಯೋರ್ಡನ್ನು ಹಿಮನದಿ ಕೊರೆಯಲಿಲ್ಲ, ಒಡ್ಡರು ಕಟ್ಟಿದರು.

ಇನ್ನೊಂದು ವಿಷಯ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಒಂದೇ ರೈಲು ಮಾರ್ಗದ ಮೇಲಿವೆ. ಅಂದರೆ ಕಾರಿಲ್ಲದವನೂ ಒಂದು ಸ್ಟೇಷನ್ನಿನಲ್ಲಿ ಇಳಿದು, ನಡೆದು, ಇನ್ನೊಂದು ಸ್ಟೇಷನ್ನಿನಲ್ಲಿ ರೈಲು ಹತ್ತಬಹುದು. ಮಲೆನಾಡಿನ ಎಷ್ಟು ಪ್ರಸಿದ್ಧ ಬೆಟ್ಟಗಳಿಗೆ ಈ ಭಾಗ್ಯ ಇದೆ?

ಬಯಲಿಗೆ ಬೇರೆ ಅಳತೆ ಬೇಕು

ಸರ್ವೇ ಕ್ಲಾಸಿನಲ್ಲಿ ನಮಗೆ ಕಾಂಟೂರ್ ಗೆರೆ ಓದಲು ಕಲಿಸಿದ್ದರು. ಗೆರೆ ಒತ್ತಾಗಿದ್ದರೆ ಕಡಿದು, ಬಿಡಿಬಿಡಿಯಾಗಿದ್ದರೆ ಬಯಲು. ಬೆಟ್ಟ ಹತ್ತುವವರು ಇವತ್ತಿಗೂ ಬಳಸುವ ಒಂದು ಸರಳ ಲೆಕ್ಕವನ್ನು 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಕೊಟ್ಟಿದ್ದ: ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಈ ಲೆಕ್ಕ ಹಾಕಿದರೆ ಹಾವೇರಿಯ ಎಲ್ಲ ದಾರಿಗೂ ಹಸಿರು ಬಣ್ಣವೇ ಬರುತ್ತದೆ. ಆದರೆ ಏಪ್ರಿಲ್‌ನಲ್ಲಿ ತಾಪಮಾನ 40 ಡಿಗ್ರಿ ಹತ್ತಿರ ಹೋದಾಗ ರಾಣೆಬೆನ್ನೂರಿನ ಎರೆಹೊಲದ ನಡುವೆ ಮಧ್ಯಾಹ್ನ ಹನ್ನೆರಡಕ್ಕೆ 5 ಕಿಲೋಮೀಟರ್ ನಡೆದು ನೋಡಿ. ಅದು ಕಪ್ಪು ದಾರಿ.

ಹಾಗಾಗಿ ನಮ್ಮ ಬಯಲುಸೀಮೆಗೆ ನಮ್ಮದೇ ದರ್ಜೆ ಬೇಕು. ಎತ್ತರದ ಬದಲು ನೆರಳು ಎಷ್ಟಿದೆ, ಕುಡಿಯುವ ನೀರು ಎಷ್ಟು ದೂರಕ್ಕೊಮ್ಮೆ ಸಿಗುತ್ತದೆ, ಮಳೆ ಬಂದರೆ ಎರೆಮಣ್ಣು ಕಾಲಿಗೆ ಅಂಟಿ ದಾರಿ ಮುಚ್ಚುತ್ತದಾ, ಕತ್ತಲಾದ ಮೇಲೆ ಒಬ್ಬಳೇ ಹೆಣ್ಣುಮಗಳು ವಾಪಸ್ ಬರಲು ಬಸ್ಸಿದೆಯಾ—ಇವನ್ನು ನೋಡಬೇಕು. ಯಾವ ತಿಂಗಳು ಯಾವ ಹೊತ್ತು ಎಂಬುದನ್ನೂ ಬರೆಯಬೇಕು. ಡಿಸೆಂಬರ್‌ನ ಮುಂಜಾನೆ ಹಸಿರು ದಾರಿಯಾಗಿದ್ದದ್ದು ಮೇ ತಿಂಗಳ ಮಧ್ಯಾಹ್ನ ಕಪ್ಪಾಗುತ್ತದೆ. ಇದೇನು ರಾಕೆಟ್ ವಿಜ್ಞಾನ ಅಲ್ಲ. ಹತ್ತು ಜನ ಕಾಲೇಜು ಹುಡುಗ–ಹುಡುಗಿಯರು, ಫೋನಿನ ಜಿಪಿಎಸ್, ಒಂದು ಬಿಡುವಿನ ಸೆಮಿಸ್ಟರ್ ಸಾಕು.

‘ಬಂಜರು’ ಅಂದವರು ಯಾರು?

ಬಯಲು ನಮಗೆ ಸುಂದರವಾಗಿ ಕಾಣದಿರುವುದಕ್ಕೂ ಒಂದು ಇತಿಹಾಸ ಇದೆ. ಮರ ಇಲ್ಲದ ನೆಲ ಅಂದರೆ ದಂಡದ ನೆಲ ಎಂಬುದು ಬ್ರಿಟಿಷರ ಕಂದಾಯ ಲೆಕ್ಕದಿಂದ ಬಂದ ತಿಳಿವಳಿಕೆ. ಸ್ವಾತಂತ್ರ್ಯದ ನಂತರವೂ ನಾವು ಅದನ್ನು ಬಿಡಲಿಲ್ಲ. ಇವತ್ತಿಗೂ ದೇಶದ ಬಂಜರು ಭೂಮಿ ಅಟ್ಲಾಸ್‌ನಲ್ಲಿ ಕುರುಚಲು, ಹುಲ್ಲುಗಾವಲುಗಳು ಬಂಜರಿನ ಪಟ್ಟಿಗೇ ಬೀಳುತ್ತವೆ. ರಾಣೆಬೆನ್ನೂರಿನ ಹುಲ್ಲುಗಾವಲಿಗೆ ನೀಲಗಿರಿ ನೆಟ್ಟದ್ದು ಈ ತಿಳಿವಳಿಕೆಯಿಂದಲೇ. 1974ರಲ್ಲಿ ಅದನ್ನು ಅಭಯಾರಣ್ಯ ಎಂದು ಘೋಷಿಸಿದ್ದು ಕೃಷ್ಣಮೃಗ ಮತ್ತು ಎರೆಭೂತ ಹಕ್ಕಿಗಾಗಿ. ಬಯಲು ಬೇಡುವ ಎರಡು ಜೀವಗಳು, ಸುತ್ತ ನೀಲಗಿರಿ ತೋಪು! ಚಿಗರಿ ಹೊಂದಿಕೊಂಡು ಉಳಿಯಿತು, ಪಕ್ಕದ ಗೋವಿನಜೋಳದ ಹೊಲಕ್ಕೂ ಇಳಿಯಿತು. ಎರೆಭೂತ ಮಾತ್ರ ಅಲ್ಲಿಂದ ಮಾಯವಾಯಿತು. ಕರ್ನಾಟಕದಲ್ಲಿ ಅದು ಈಗ ಬೆರಳೆಣಿಕೆಯಷ್ಟು ಉಳಿದಿರುವುದು ಬಳ್ಳಾರಿಯ ಸಿರುಗುಪ್ಪ ಕಡೆ.

ಇದರ ದೊಡ್ಡ ಅಧ್ಯಾಯ ನಡೆದದ್ದೂ ಇದೇ ಜಿಲ್ಲೆಯಲ್ಲಿ. 1984ರಲ್ಲಿ ಸರ್ಕಾರ ಹರಿಹರ ಪಾಲಿಫೈಬರ್ಸ್ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಮಾಡಿತು. ಸುಮಾರು 30,000 ಹೆಕ್ಟೇರ್ ಸಿ ಮತ್ತು ಡಿ ದರ್ಜೆಯ ಜಮೀನನ್ನು ನೀಲಗಿರಿ ಬೆಳೆಯಲು 40 ವರ್ಷದ ಗುತ್ತಿಗೆಗೆ ಕೊಡುವ ಯೋಜನೆ ಅದು. ಕಾಗದದಲ್ಲಿ ಅದು ‘ಸಿ ಮತ್ತು ಡಿ’. ಹಳ್ಳಿಯವರ ಪಾಲಿಗೆ ದನ ಮೇಯುವ ಜಾಗ, ಉರುವಲು ತರುವ ಜಾಗ, ಊರಿಂದ ಊರಿಗೆ ಹೋಗುವ ದಾರಿ. ಎಸ್.ಆರ್. ಹಿರೇಮಠ ಅವರ ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿಗೆ ಹೋಯಿತು. ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ‘ಕಿತ್ತಿಕೊ–ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಜನ ನೀಲಗಿರಿ ಸಸಿ ಕಿತ್ತರು, ತಮಗೆ ಬೇಕಾದ ಹಣ್ಣು–ಮೇವಿನ ಸಸಿ ನೆಟ್ಟರು. 1991ರ ಹೊತ್ತಿಗೆ ಕಂಪನಿ ಬಾಗಿಲು ಮುಚ್ಚಿತು.

ನಾರ್ವೆಯ 1957ರ ಕಾನೂನು ಮತ್ತು ಕುಸನೂರಿನ ಸತ್ಯಾಗ್ರಹ ಎರಡೂ ಕೇಳಿದ್ದು ಒಂದೇ ಪ್ರಶ್ನೆ: ಉಳುಮೆ ಮಾಡದ ನೆಲ ಯಾರದ್ದು? ಒಬ್ಬರು ಉತ್ತರವನ್ನು ಕಾನೂನಿನಲ್ಲಿ ಬರೆದುಕೊಂಡರು. ನಾವು ಹೋರಾಡಿ ಗೆದ್ದು, ಗೆದ್ದದ್ದನ್ನು ಮರೆತೆವು.

ನಕ್ಷೆಯಲ್ಲಿ ಇರುವ, ನೆಲದ ಮೇಲೆ ಇಲ್ಲದ ದಾರಿ

ಹಾಗಂತ ನಮ್ಮ ಕಾನೂನು ಖಾಲಿ ಇಲ್ಲ. ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 67ನೇ ಕಲಂ ಪ್ರಕಾರ ಸಾರ್ವಜನಿಕ ದಾರಿ, ಹಳ್ಳ, ಕೆರೆ ಎಲ್ಲ ಸರ್ಕಾರದ ಸ್ವತ್ತು. 1966ರ ನಿಯಮಗಳ 97ನೇ ನಿಯಮದ ಪ್ರಕಾರ ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್ ಗೋಮಾಳ ಇರಬೇಕು. 2011ರಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಊರೊಟ್ಟಿನ ಜಮೀನಿನ ಒತ್ತುವರಿ ತೆರವು ಮಾಡಿ ಎಂದು ಎಲ್ಲ ರಾಜ್ಯಗಳಿಗೂ ಹೇಳಿತು. ಹಳೇ ಗ್ರಾಮ ನಕ್ಷೆಗಳಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ಚುಕ್ಕಿಗೆರೆಯಲ್ಲಿ ಗುರುತಿಸಿದ್ದಾರೆ. ಸರ್ವೇ ಇಲಾಖೆಯ ‘ದಿಶಾಂಕ್’ ಆ್ಯಪ್ ತೆಗೆದರೆ ನೀವು ನಿಂತ ಜಾಗದ ಸರ್ವೇ ನಂಬರ್ ಫೋನಿನಲ್ಲೇ ಸಿಗುತ್ತದೆ.

ಆ ಚುಕ್ಕಿಗೆರೆಯನ್ನು ಹಿಡಿದು ಒಮ್ಮೆ ನಡೆದು ನೋಡಿ. ನಾನು ಒಂದೂರಿನ ಹೊರಗೆ ಹಾಗೆ ಹೊರಟಿದ್ದೆ. ಅರ್ಧ ಕಿಲೋಮೀಟರ್ ಆದಮೇಲೆ ದಾರಿ ಗೋವಿನಜೋಳದ ಒಳಗೆ ಮುಗಿಯಿತು. ಹೊಲದ ಬದುವಿನ ಮೇಲೆ ಕೂತಿದ್ದ ಹಿರಿಯರು ನಕ್ಕರು: “ನಕ್ಷಾದಾಗಿನ ದಾರಿ ಕೇಳಬ್ಯಾಡ್ರಿ. ಅದು ಹೋಗಿ ಮೂವತ್ತು ವರ್ಷಾತು.” ಅವರನ್ನು ದೂರಿ ಪ್ರಯೋಜನ ಇಲ್ಲ. ಹೊಲ ಅಣ್ಣತಮ್ಮಂದಿರಲ್ಲಿ ಹಂಚಿ ಹಂಚಿ ತುಂಡಾದಾಗ ಒಂದೊಂದು ಗುಂಟೆಯೂ ಬೆಲೆಬಾಳುತ್ತದೆ.

ಆದರೆ ದಾರಿ ಹೋದಾಗ ಎಲ್ಲರಿಗೂ ಒಂದೇ ರೀತಿ ಹೋಗುವುದಿಲ್ಲ. ಟ್ರ್ಯಾಕ್ಟರ್ ಇದ್ದವನು ಹೇಗೋ ಸುತ್ತಿ ಹೋಗುತ್ತಾನೆ. ಎಷ್ಟೋ ಊರುಗಳಲ್ಲಿ ದಲಿತ ಕೇರಿಯಿಂದ ಸ್ಮಶಾನಕ್ಕೆ ಹೋಗುವ ದಾರಿಯೇ ತಕರಾರಿನಲ್ಲಿರುತ್ತದೆ. ಹೆಣ ಹೊತ್ತುಕೊಂಡು ಯಾರದೋ ಹೊಲದ ಅಂಚಿನಲ್ಲಿ ಅನುಮತಿಗೆ ಕಾಯಬೇಕಾಗುತ್ತದೆ. ದನ–ಕುರಿ ಹೊಡೆದುಕೊಂಡು ಹೋಗುವವರಿಗೆ ಸುತ್ತುದಾರಿ ಅಂದರೆ ಅರ್ಧ ದಿನ. ಹೆಣ್ಣುಮಗಳು ಕಾರಣ ಇಲ್ಲದೆ, ಬರೀ ನಡೆಯಲಿಕ್ಕೆಂದು ನಡೆದರೆ ಊರೆಲ್ಲ ಕಾರಣ ಹುಡುಕುತ್ತದೆ. ನಾರ್ವೆಯ ಹಕ್ಕಿನ ನಿಜವಾದ ಬೆಲೆ ಬಂಡೆಯ ತುದಿಯಲ್ಲಿಲ್ಲ. ‘ನೀನ್ಯಾರು, ಯಾಕೆ ಬಂದೆ’ ಎಂದು ಯಾರೂ ಕೇಳದಿರುವುದರಲ್ಲಿದೆ. ನಮ್ಮ ಹಳ್ಳಿಗಳಲ್ಲಿ ಆ ಪ್ರಶ್ನೆಗೆ ಜಾತಿ ಹೇಳದೆ ಉತ್ತರ ಕೊಡುವುದು ಇನ್ನೂ ಕಷ್ಟ.

ನಮ್ಮಲ್ಲೂ ಇಂಥದ್ದೊಂದು ರೂಢಿ ಇಲ್ಲವೇ ಇಲ್ಲ ಅಂತಲ್ಲ. ಸುಗ್ಗಿ ಮುಗಿದ ಮೇಲೆ ಕುರಿಗಾರರು ಖಾಲಿ ಹೊಲಗಳಲ್ಲಿ ಮಂದೆ ಮೇಯಿಸಿಕೊಂಡು ನೂರಾರು ಕಿಲೋಮೀಟರ್ ಸಾಗುತ್ತಾರೆ. ರಾತ್ರಿ ಕುರಿ ತರುಬಿದರೆ ಹೊಲಕ್ಕೆ ಗೊಬ್ಬರ, ಕುರಿಗಾರರಿಗೆ ಕಾಳೋ ದುಡ್ಡೋ. ಬೆಳೆ ಇದ್ದಾಗ ಹೊಲ ಒಡೆಯನದು, ಬೆಳೆ ತೆಗೆದ ಮೇಲೆ ಸ್ವಲ್ಪ ದಿನ ಎಲ್ಲರದು. ಹಿಮ ಬಿದ್ದ ಮೇಲೆ ಹೊಲ ದಾಟಬಹುದು ಅನ್ನುವ ನಾರ್ವೆಯ ನಿಯಮಕ್ಕೆ ಇದು ನಮ್ಮ ಎರೆನೆಲದ ಉತ್ತರ. ಬರೆದಿಟ್ಟಿಲ್ಲ ಅಷ್ಟೆ.

ಆಕ್ಷೇಪಗಳಿವೆ, ಗೊತ್ತು

ಒಂದು: ನಾರ್ವೆಯ ಜನಸಂಖ್ಯೆ ಸುಮಾರು 55 ಲಕ್ಷ. 4,823 ಚದರ ಕಿಲೋಮೀಟರಿನ ಹಾವೇರಿ ಜಿಲ್ಲೆಯೊಂದರಲ್ಲೇ 2011ರ ಜನಗಣತಿಯಂತೆ ಸುಮಾರು 16 ಲಕ್ಷ ಜನ. ಎಲ್ಲರ ಹೊಲದಲ್ಲೂ ಎಲ್ಲರೂ ನಡೆಯಿರಿ ಅನ್ನೋಕಾಗಲ್ಲ. ಒಪ್ಪುತ್ತೇನೆ. ನಾನು ಕೇಳುತ್ತಿರುವುದು ಖಾಸಗಿ ಹೊಲ ಅಲ್ಲ. ದಾಖಲೆಯಲ್ಲಿ ಈಗಾಗಲೇ ಸಾರ್ವಜನಿಕವಾಗಿರುವ ದಾರಿ, ಕೆರೆ ಏರಿ, ನದಿ ದಂಡೆ.

ಎರಡು: ಅಭಯಾರಣ್ಯಕ್ಕೆ ಜನ ನುಗ್ಗಿದರೆ ಚಿಗರಿ, ತೋಳದ ಗತಿ ಏನು? 1972ರ ವನ್ಯಜೀವಿ ಕಾಯ್ದೆಯಂತೆ ಅಲ್ಲಿ ಅನುಮತಿ ಇಲ್ಲದೆ ಪ್ರವೇಶ ಇಲ್ಲ. ಅದು ಹಾಗೇ ಇರಲಿ. ಅಂಚಿನ ಗ್ರಾಮ ರಸ್ತೆಯಿಂದ ಮುಂಜಾನೆ ಬೈನಾಕ್ಯುಲರ್ ಹಿಡಿದು ಚಿಗರಿ ನೋಡಲು ಒಳಗೆ ನುಗ್ಗಬೇಕಿಲ್ಲ. ಬಂದವರ ಊಟ, ವಸತಿಯಿಂದ ಅಂಚಿನ ಊರಿಗೆ ನಾಲ್ಕು ಕಾಸು ಬಂದರೆ, ಬೆಳೆ ತಿಂದ ಚಿಗರಿಯನ್ನು ಶತ್ರು ಅಂತಲೇ ನೋಡುವ ರೈತನಿಗೆ ಸ್ವಲ್ಪ ಸಮಾಧಾನವೂ ಆದೀತು. ಪರಿಹಾರ ಸರಿಯಾಗಿ ಸಿಗಬೇಕು ಅನ್ನುವುದು ಬೇರೆ ಮಾತು, ಅದು ಮೊದಲ ಮಾತು.

ಮೂರು: “ಗೊಬ್ಬರ ಇಲ್ಲ, ಬೆಲೆ ಇಲ್ಲ, ನಿಮಗೆ ಟ್ರೆಕ್ಕಿಂಗ್ ಚಿಂತೆ.” ಈ ಮಾತಿಗೆ ನನ್ನಲ್ಲಿ ಗೌರವ ಇದೆ. ಆದರೆ ಗೋಮಾಳ ಕಳೆದುಕೊಂಡವನು, ಸ್ಮಶಾನದ ದಾರಿ ಕಳೆದುಕೊಂಡವನು, ನದಿ ದಂಡೆ ಕಳೆದುಕೊಂಡ ಮೀನುಗಾರ, ಇವರೆಲ್ಲ ಕಳೆದುಕೊಂಡದ್ದು ಅದೇ ಚುಕ್ಕಿಗೆರೆಯನ್ನು. ಚಾರಣಿಗ ಆ ದಾರಿಗೆ ಕೊನೆಗೆ ಬರುವ ಬಳಕೆದಾರ. ಅವನಿಗಾಗಿ ದಾರಿ ಬಿಡಿಸಿ ಎಂದು ನಾನು ಕೇಳುತ್ತಿಲ್ಲ. ಮೊದಲಿನವರಿಗೆ ದಾರಿ ಬಿಟ್ಟರೆ ಅವನಿಗೂ ಸಿಗುತ್ತದೆ ಎನ್ನುತ್ತಿದ್ದೇನೆ.

ಎಲ್ಲಿಂದ ಶುರು ಮಾಡೋಣ?

ದೊಡ್ಡ ನೀತಿ ಬರುವವರೆಗೆ ಕಾಯಬೇಕಿಲ್ಲ. ಗ್ರಾಮ ಪಂಚಾಯಿತಿಗಳು ತಮ್ಮ ನಕ್ಷೆಯಲ್ಲಿರುವ ದಾರಿಗಳ ಪಟ್ಟಿ ಮಾಡಿ ಗ್ರಾಮಸಭೆಯಲ್ಲಿ ಓದಲಿ. ಯಾವುದು ಉಳಿದಿದೆ, ಯಾವುದು ಹೋಗಿದೆ ಎಂದು ಊರೇ ಹೇಳಲಿ. ‘ನಮ್ಮ ಹೊಲ ನಮ್ಮ ದಾರಿ’ ಅಂತ ಹೊಲದ ದಾರಿಗಳನ್ನು ಉದ್ಯೋಗ ಖಾತ್ರಿ ದುಡ್ಡಿನಲ್ಲಿ ಮಾಡಿದ ಅನುಭವ ನಮ್ಮ ಪಂಚಾಯಿತಿಗಳಿಗಿದೆ. ಅದಕ್ಕೆ ಸ್ಮಶಾನದ ದಾರಿಯನ್ನು ಮೊದಲು ಸೇರಿಸಿ, ಕೆರೆ ಏರಿ, ನದಿ ದಂಡೆಯ ದಾರಿಯನ್ನು ಆಮೇಲೆ ಸೇರಿಸಿ. ಗುರುತು ಹಾಕುವ, ದರ್ಜೆ ಬರೆಯುವ ಕೆಲಸವನ್ನು ಕಾಲೇಜುಗಳ ಎನ್ನೆಸ್ಸೆಸ್ ಘಟಕಗಳಿಗೆ ಕೊಡಿ. ಪ್ರವಾಸೋದ್ಯಮ ಇಲಾಖೆ ಕಾಂಕ್ರೀಟ್ ಕಮಾನು, ಸೆಲ್ಫಿ ಪಾಯಿಂಟ್ ಹಾಕದೆ ದೂರ ಉಳಿದರೂ ಸಾಕು, ಅದೇ ದೊಡ್ಡ ಉಪಕಾರ.

ಮೊದಲ ದಾರಿ ಯಾವುದಾಗಬೇಕು ಅಂತ ಕೇಳಿದರೆ ನನ್ನ ಉತ್ತರ ತಯಾರಿದೆ. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಒಬ್ಬ ಹುಡುಗ 1930ರಲ್ಲಿ, 18ನೇ ವಯಸ್ಸಿನಲ್ಲಿ, ಸಾಬರಮತಿಯಿಂದ ದಂಡಿಗೆ ಗಾಂಧಿಯ ಜೊತೆ ನಡೆದ. 24 ದಿನ, ಸುಮಾರು 385 ಕಿಲೋಮೀಟರ್. ಆ ತಂಡದಲ್ಲಿದ್ದ ಏಕೈಕ ಕನ್ನಡಿಗ ಮೈಲಾರ ಮಹದೇವ. 1943ರ ಏಪ್ರಿಲ್ 1ರಂದು ಹಾವೇರಿ ತಾಲೂಕಿನ ಹೊಸರಿತ್ತಿಯಲ್ಲಿ, ಬ್ರಿಟಿಷರು ಕಂದಾಯದ ಹಣ ಇಟ್ಟಿದ್ದ ಜಾಗದ ಮೇಲೆ ದಾಳಿ ಮಾಡಿದಾಗ ಗುಂಡಿಗೆ ಬಲಿಯಾದ. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಹಾವೇರಿಯಲ್ಲಿ ಅವರ ಸ್ಮಾರಕ ಇದೆ. ಗುಜರಾತಿನಲ್ಲಿ ಅವನು ನಡೆದ ದಾರಿಗೆ ಪಾರಂಪರಿಕ ಮಾರ್ಗದ ಮನ್ನಣೆ ಸಿಕ್ಕಿದೆ. ಅವನ ಸ್ವಂತ ಜಿಲ್ಲೆಯಲ್ಲಿ ಮೋಟೆಬೆನ್ನೂರಿನಿಂದ ಹಾವೇರಿ ಮೇಲೆ ಹೊಸರಿತ್ತಿಯವರೆಗೆ, ಹೈವೇ ಬಿಟ್ಟು, ಹೊಲದಾರಿ ಹಿಡಿದು ನಡೆಯುವ ಗುರುತಿಲ್ಲ.

ನಮ್ಮ ರಾಜಕಾರಣಿಗಳಿಗೆ ಪಾದಯಾತ್ರೆಯ ಶಕ್ತಿ ಚೆನ್ನಾಗಿ ಗೊತ್ತು. 2010ರಲ್ಲಿ ಬೆಂಗಳೂರಿನಿಂದ ಬಳ್ಳಾರಿಗೆ 320 ಕಿಲೋಮೀಟರ್ ನಡೆದದ್ದು ಸಿದ್ದರಾಮಯ್ಯನವರ ರಾಜಕೀಯಕ್ಕೆ ಏನು ಮಾಡಿತು ಎಂದು ಬೇರೆ ಹೇಳಬೇಕಿಲ್ಲ. ಅವರು ನಡೆಯುವಾಗ ಪೊಲೀಸರು ರಸ್ತೆ ಖಾಲಿ ಮಾಡಿಸುತ್ತಾರೆ. ಉಳಿದವರಿಗೆ ಕಾನೂನು ಹೇಳುವ ಒಂದು ಕಾಲುದಾರಿ ಖಾಲಿ ಮಾಡಿಸಿದರೆ ಸಾಕು.

ರೀಲ್ ಕಳಿಸಿದ ಹುಡುಗನಿಗೆ ಮೊನ್ನೆ ಉತ್ತರ ಬರೆದೆ. ಬರುವ ಡಿಸೆಂಬರ್‌ನಲ್ಲಿ ಒಂದು ಭಾನುವಾರ ಬ್ಯಾಡಗಿ ಸ್ಟೇಷನ್ನಿನಲ್ಲಿ ಇಳಿದು ಮೋಟೆಬೆನ್ನೂರಿಗೆ ನಡೆಯೋಣ, ಅಲ್ಲಿಂದ ಹಾವೇರಿಗೆ. ನಕ್ಷೆ ಇರಲಿ, ನೀರಿನ ಬಾಟಲಿ ಇರಲಿ. ದಾರಿ ಎಲ್ಲೆಲ್ಲಿ ಮುಗಿಯುತ್ತದೋ ಅಲ್ಲಲ್ಲಿ ಸರ್ವೇ ನಂಬರ್ ಬರೆದುಕೊಳ್ಳೋಣ, ಆ ಪಟ್ಟಿಯನ್ನು ಪಂಚಾಯಿತಿಗೆ ಕೊಡೋಣ. ಅವನ ಉತ್ತರ ಬಂತು: “ಬರ್ತೀನ್ರಿ ಸರ್. ನನ್ ತಂಗಿನೂ ಬರ್ತಾಳಂತ. ಸಂಜಿ ವಾಪಸ್ ಟ್ರೇನ್ ಎಷ್ಟಕ್ಕೈತಿ?”